ಪಿಸಿಆರ್ ಯಂತ್ರಕ್ಕೆ ಆಯುಧಪೂಜೆ

ಜಗಳೂರು ಕಡೆಯ ಹೊಲವೊಂದರಲ್ಲಿ ಶೇಂಗಾ ಎಲ್ಲ ಒಣಗಿದ್ದಾಗ ಒಂದು ಗಿಡ ಮಾತ್ರ ಹಸಿರಾಗಿ ನಿಂತಿತ್ತು. ನಾನು ಒಂದಿಷ್ಟು ಎಲೆ ಕಿತ್ತುಕೊಂಡು ಚನ್ನಗಿರಿಯ ನಮ್ಮ ಬೀಜದ ಕಂಪನಿಯ ಲ್ಯಾಬಿಗೆ ತಂದೆ. ಉಳಿದದ್ದನ್ನು ಹೊಲದ ಒಡತಿ ಕರಿಬಸಮ್ಮನ ಕುರಿಗಳು ಅದೇ ವಾರ ಮೇಯ್ದು ಮುಗಿಸಿದವು. ಕುರಿಗಳ ತಪ್ಪೇನಿಲ್ಲ, ಅಲ್ಲಿ ಹಸಿರಿದ್ದದ್ದು ಅದೊಂದೇ.

ಆ ಎಲೆಗಳಿಂದ ತೆಗೆದ ಡಿಎನ್ಎ ಪರೀಕ್ಷೆಗಳಲ್ಲಿ ಖರ್ಚಾಗಿ ಕೊನೆಗೆ ಒಂದು ಹನಿ ಉಳಿಯಿತು. ಅದರೊಳಗಿನ, ಬರ ತಡೆಯುವ ಜೀನನ್ನು ಪಿಸಿಆರ್ ಯಂತ್ರದಲ್ಲಿ ನಕಲು ಮಾಡಿ ಬ್ಯಾಕ್ಟೀರಿಯಾಕ್ಕೆ ಸೇರಿಸಬೇಕು. ನಕಲಿನಲ್ಲಿ ಡಿಎನ್ಎಯ ಒಂದಕ್ಷರ ತಪ್ಪಿದರೂ ನನ್ನ ದುಡಿಮೆಯೆಲ್ಲ ನೀರುಪಾಲು. ಅದಕ್ಕೇ ತಪ್ಪಿಲ್ಲದೆ ನಕಲು ಮಾಡುವ ದುಬಾರಿ ಪಾಲಿಮರೇಸ್ ಎಂಜೈಮ್ ಬೇಕೆಂದು ಮಾಲೀಕ ವಿರೂಪಾಕ್ಷಪ್ಪನವರ ಜೀವ ತಿಂದಿದ್ದೆ.

"ಹಳೇದು ತಣ್ಣಗಿದ್ದಾಗ್ಲೇ ಕಂಡದ್ದನ್ನೆಲ್ಲ ನಕಲು ಮಾಡಾಕೆ ಹೋಗ್ತೈತೆ ಸರ್. ಇದು ಚೆನ್ನಾಗಿ ಬಿಸಿ ಆಗೋವರೆಗೂ ಸುಮ್ನೆ ಕೂತಿರ್ತೈತೆ. ಏನೂ ಆಗಲ್ಲ."

ಅವರು ಗೊಣಗುತ್ತಲೇ ತರಿಸಿಕೊಟ್ಟರು.

ಆಯುಧಪೂಜೆಯ ದಿನ ಪೂಜೆಗೆ ಮುಂಚೆ ಮುಗಿಸೋಣವೆಂದು ಬೆಳಿಗ್ಗೆಯೇ ಬಂದು, ಎಲ್ಲ ಬೆರೆಸಿ, ಟ್ಯೂಬನ್ನು ಯಂತ್ರದೊಳಗಿಟ್ಟು, ಚಾಲೂ ಮಾಡುವ ಮುಂಚೆ ಕೈ ತೊಳೆಯಲು ಹೋದೆ. ಬಂದು ನೋಡಿದರೆ ಯಂತ್ರಕ್ಕೆ ಚೆಂಡುಹೂವಿನ ಹಾರ, ಮುಚ್ಚಳಕ್ಕೆ ವಿಭೂತಿ. ವಿರೂಪಾಕ್ಷಪ್ಪನವರು ಪ್ಲಗ್ ಕಿತ್ತು ಪಕ್ಕದಲ್ಲಿ ನಿಂತಿದ್ದರು. ಆಯುಧಪೂಜೆ ನನಗೇನು ಹೊಸದಲ್ಲ, ನನ್ನ ಸ್ಕೂಟಿಗೆ ನಾನೇ ನಿಂಬೆಹಣ್ಣು ಇಟ್ಟು ಬಂದವಳು. ಆದರೆ ಯಂತ್ರದ ಸರದಿ ಅಷ್ಟು ಬೇಗ ಬರುತ್ತದೆಂದುಕೊಂಡಿರಲಿಲ್ಲ.

"ಸರ್, ಒಳಗೆ ನನ್ನ ಕೊನೇ ಹನಿ ಐತೆ!"

"ಇರ್ಲಿ ಬಿಡ್ರೀ ಕಲ್ಪನಾ. ಪೂಜೆ ಆದ್ಮೇಲೆ ನಾಳೆವರೆಗೂ ಮುಟ್ಟಂಗಿಲ್ಲ. ಬಿಸಿ ಆಗೋವರೆಗೂ ಏನೂ ಆಗಲ್ಲ ಅಂತ ನೀವೇ ಹೇಳಿದ್ರಲ್ಲ?"

ಯಂತ್ರದ ಮುಂದೆ ಕುಂಬಳಕಾಯಿ ಒಡೆದರು, ಮಂಡಕ್ಕಿ ಹಂಚಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಎಂಜೈಮಿನ ಬಗ್ಗೆ ನಾನೇ ಕೊಚ್ಚಿಕೊಂಡದ್ದನ್ನು ನಾನೇ ನಂಬಲು ಒದ್ದಾಡಿದೆ.

ಮರುದಿನ ಹಾರ ತೆಗೆದು ಯಂತ್ರ ಚಾಲೂ ಮಾಡಿದೆ. ಸಂಜೆ ನಕಲನ್ನು ಜೆಲ್ ಮೇಲೆ ಓಡಿಸಿ ನೋಡಿದರೆ ಒಂದೇ ಗೆರೆ, ಸರಿಯಾದ ಜಾಗದಲ್ಲಿ; ಅಂದರೆ ಬೇಕಾದ ಜೀನು ಮಾತ್ರ ನಕಲಾಗಿತ್ತು. ಬ್ಯಾಕ್ಟೀರಿಯಾಕ್ಕೆ ಸೇರಿಸಿ ಪರೀಕ್ಷೆಗೆ ಕಳಿಸಿದ ನಕಲುಗಳಲ್ಲಿ ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ವಿರೂಪಾಕ್ಷಪ್ಪನವರಿಗೂ ಖುಷಿಯೋ ಖುಷಿ, ಲ್ಯಾಬಿಗೆಲ್ಲ ಮಿರ್ಚಿ ತರಿಸಿದರು.

ಇನ್ನು ಆ ಜೀನನ್ನು ಮತ್ತೊಮ್ಮೆ ನಕಲು ಮಾಡಿ ಶೇಂಗಾ ಗಿಡಕ್ಕೆ ಸೇರಿಸುವ ಕೆಲಸ. ಎಂಜೈಮ್ ಮುಗಿದಿತ್ತು. ಇನ್ನೊಂದು ಬಾಟಲಿ ಬೇಕೆಂದು ಕೇಳಿದೆ.

"ಮತ್ತೆ ಆ ದುಬಾರೀದು ಯಾಕ್ರೀ?" ಎಂದರು ಪ್ರೀತಿಯಿಂದಲೇ. "ಹಳೇದನ್ನೇ ಹಾಕ್ರಿ. ಪೂಜೆ ನಾನು ಮಾಡಿಸ್ತೀನಿ."