ಕೆಂಪು ಹುರಿಯ ಇಪ್ಪತ್ತು ಮೀಟರು

“ಬಿಚ್ಚಿದಾಂವ ನೀನ. ಆಂವ ಅಲ್ಲ, ನಾ ಅಲ್ಲ. ನೀನ.”

ಲಗಮಣ್ಣ ಹೀಗೆ ಹೇಳಿ ನನ್ನನ್ನು ಅಡಿವೆಪ್ಪನ ಮುಂದೆ ಎಸೆದ. ಅಡಿವೆಪ್ಪ ನನ್ನನ್ನು ಮುಟ್ಟಲಿಲ್ಲ.

“ಬಿಚ್ಚು ಅಂದಾಂವ ಬಾಳಪ್ಪನ.”

“ಇಷ್ಟು ವರ್ಷದಾಗ ಯಾರ ಅಂದಿಲ್ಲ? ನಾನೂ ಅಂದೀನಿ. ಬಿಚ್ಚಿದ್ದೇನು ಆವಾಗ?”

ಅವರ ಮೂರನೆಯ ಗೆಳೆಯ ಬಾಳಪ್ಪ ಎರಡು ದಿನಗಳಿಂದ ಮೇಲಿನ ಇಳಿಜಾರಿನಲ್ಲಿ ಹಿಮದಡಿ ಇದ್ದ. ಜಗಳ ನನ್ನ ಬಗ್ಗೆಯೇ.

ನಾನು ಒಂದು ಹುರಿ. ಇಪ್ಪತ್ತು ಮೀಟರು ಉದ್ದ, ಕೆಂಪು ಬಣ್ಣ, ಕಿರುಬೆರಳಿಗಿಂತ ಸಣ್ಣ. ಯಂತ್ರವೊಂದು ನನ್ನನ್ನು ಹೆಣೆಯಿತು. ಹೆಂಗಸೊಬ್ಬಳು ಮೀಟರಿಗೊಂದು ತಗಡಿನ ಚೂರು ಸಿಕ್ಕಿಸಿ ಇಕ್ಕಳದಿಂದ ಒತ್ತಿದಳು. ಪ್ರತಿ ಚೂರಿನ ಮೇಲೂ ಒಂದು ಬಾಣ, ಒಂದು ಅಂಕಿ. ಹಿಮದ ಇಳಿಜಾರು ದಾಟುವವನ ಸೊಂಟಕ್ಕೆ ನನ್ನ ಒಂದು ತುದಿ ಕಟ್ಟುತ್ತಾರೆ. ಉಳಿದದ್ದು ಅವನ ಹಿಂದೆ ಎಳೆದುಕೊಂಡು ಬರುತ್ತದೆ. ಹಿಮ ಕುಸಿದು ಅವನನ್ನು ನುಂಗಿದರೆ, ಹಗುರವಾದ ನನ್ನ ಒಂದು ತುಂಡಾದರೂ ಮೇಲೆ ಉಳಿಯುತ್ತದೆ. ಬಾಣ ತೋರಿಸಿದ ಕಡೆ ಅಗೆಯಬೇಕು. ಎಲ್ಲ ಬಾಣಗಳೂ ಮನುಷ್ಯನ ಕಡೆಗೇ.

ಹಾಗಾಗಿ ನಾನು ಯಾರ ಮುಖವನ್ನೂ ಸರಿಯಾಗಿ ನೋಡಿದವನಲ್ಲ. ನನಗೆ ಗೊತ್ತಿರುವುದು ಬೆನ್ನು, ಹಿಮ್ಮಡಿ, ಸ್ಕೀ ಹಲಗೆಗಳ ಬಾಲ.

ಮೊದಲು ಸೈನ್ಯದಲ್ಲಿದ್ದೆ. ಗೋಕಾಕ ಕಡೆಯ ಈ ಮೂವರೂ ಅಲ್ಲಿಯೇ ಸ್ಕೀ ಕಲಿತರು. ಅವರ ತುಕಡಿಯಲ್ಲಿ ಒಂದು ಕಟ್ಟಳೆ ಇತ್ತು: ಗಂಟು ಬೆನ್ನ ಹಿಂದೆ ಬರಬೇಕು, ಕಟ್ಟಿದವನೇ ಬಿಚ್ಚಬೇಕು. ಮುಂದೆ ಹೋದವನು ಇಳಿಜಾರಿನ ಆಚೆ ಬದಿಯಲ್ಲಿ ನಿಂತು, ಕಟ್ಟಿದವನು ಬರುವವರೆಗೂ ಕಾಯಬೇಕು. ಅಂದರೆ ಕಟ್ಟಿದವನು ಹಿಂದೆ ಬಂದೇ ಬರುತ್ತಾನೆ ಎಂಬ ಮಾತು ಆ ಗಂಟಿನಲ್ಲಿತ್ತು. ಹೊಟ್ಟೆ ಕೆಟ್ಟ ದಿನ ಲಗಮಣ್ಣ ಎಷ್ಟು ಬೈದರೂ ಅಡಿವೆಪ್ಪ ದಾರಿಯಲ್ಲಿ ಗಂಟು ಸಡಿಲಿಸಿರಲಿಲ್ಲ. ಬಾಳಪ್ಪ ಆ ಕಥೆಯನ್ನು ಮದುವೆ ಮನೆಗಳಲ್ಲೂ ಹೇಳುತ್ತಿದ್ದ.

ಹಿಮದಡಿ ಸಿಕ್ಕವನನ್ನು ಹುಡುಕಲು ಪೀ ಪೀ ಎನ್ನುವ ಯಂತ್ರಗಳು ಬಂದವು. ನನ್ನನ್ನು ರದ್ದಿಗೆ ಹಾಕಿದರು. ಪಿಂಚಣಿಗೆ ಹೊರಟ ಅಡಿವೆಪ್ಪ ಕೇಳಿ ಪಡೆದುಕೊಂಡ. ಬ್ಯಾಟರಿ ಸಾಯುತ್ತದೆ, ಹುರಿ ಸಾಯುವುದಿಲ್ಲ ಎಂದು ಅವನ ವಾದ. ಪ್ರತಿ ಮಾರ್ಗಶಿರದಲ್ಲಿ ಮೂವರೂ ರೈಲು ಹತ್ತಿ, ಹಿಮಾಚಲದ ಒಂದು ಹಳ್ಳಿಯಲ್ಲಿ ಅಂಗ್ಮೋ ಎಂಬ ಹೆಂಗಸಿನ ಮನೆಯಲ್ಲಿ ಇಳಿಯುತ್ತಿದ್ದರು. ಜನ ಬರುವ ಮೊದಲು, ಮೊದಲ ಹಿಮದಲ್ಲಿ, ಸ್ಕೀ ಅಡಿಗೆ ಜಾರದ ಪಟ್ಟಿ ಅಂಟಿಸಿಕೊಂಡು ಬೆಟ್ಟ ಏರುವುದು, ಪಟ್ಟಿ ಕಿತ್ತು ಜಾರಿ ಇಳಿಯುವುದು. ವಯಸ್ಸಾದ ಗಂಡಸರು ಹುಡುಗರಂತೆ ಕೇಕೆ ಹಾಕುತ್ತಿದ್ದರು.

ಮೊದಲ ಹಿಮ ಮೋಸದ್ದು. ಮೊಣಕಾಲುದ್ದವೂ ಇಲ್ಲ, ಆದರೆ ಕುಸಿದರೆ ತಗ್ಗಿನಲ್ಲಿ ಆಳೆತ್ತರ ತುಂಬುತ್ತದೆ. ತಳದಲ್ಲಿ ವಾರಗಳ ಹಿಂದೆ ಬಿದ್ದ ತೆಳು ಹಿಮ ದಪ್ಪ ಸಕ್ಕರೆಯಂತೆ ಬಿಡಿಬಿಡಿ, ಅದರ ಮೇಲೆ ಗಾಳಿ ತಂದು ಕೂರಿಸಿದ ಗಟ್ಟಿ ಹೊದಿಕೆ. ಎಲ್ಲೆಲ್ಲೂ ಕಲ್ಲಿನ ಮೂತಿ. ಜಗಳಕ್ಕೆ ಎರಡು ದಿನ ಮೊದಲು ಅಡಿವೆಪ್ಪ ನನ್ನನ್ನು ಬಾಳಪ್ಪನ ಸೊಂಟಕ್ಕೆ ಕಟ್ಟಿದ್ದ; ನಾನು ಆ ಕಲ್ಲುಗಳಿಗೆಲ್ಲ ಸಿಕ್ಕಿಕೊಂಡೆ. ಬಾಳಪ್ಪ ಮೂರು ಸಲ ಬಿದ್ದ. ಮೂರನೆಯ ಸಲ ಮೊಣಕೈ ಒಡೆಯಿತು.

“ಇದೇನ ಹುರಿ ಐತೋ ಎತ್ತಿನ ಮೂಗದಾಣ ಐತೋ? ಬಿಚ್ಚೋ ಮಾರಾಯಾ.”

ಲಗಮಣ್ಣ ಬೇಡವೆಂದ. ಅಡಿವೆಪ್ಪ ಒಂದು ಗಳಿಗೆ ಇಳಿಜಾರನ್ನು ನೋಡಿದ, ಗೆಳೆಯನ ಮೊಣಕೈ ನೋಡಿದ, ಬಿಚ್ಚಿದ. ನನ್ನನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲಿನದು ನಾನು ಕಂಡದ್ದಲ್ಲ, ಕೇಳಿದ್ದು. ದೊಡ್ಡ ಸೀರೆಯೊಂದನ್ನು ಉದ್ದಕ್ಕೆ ಹರಿದ ಹಾಗೆ ಒಂದು ಸದ್ದು. ಆಮೇಲೆ ಅಡಿವೆಪ್ಪನ ಎದೆ ಬಡಿತ. ಕತ್ತಲಾಗುವವರೆಗೆ ಇಬ್ಬರೂ ಸ್ಕೀ ಕೋಲುಗಳಿಂದ ಹಿಮ ಚುಚ್ಚಿದರು. ಮರುದಿನ ಹಳ್ಳಿಯವರೂ ಬಂದು ಚುಚ್ಚಿದರು. ನಾನು ಜೇಬಿನಲ್ಲಿ ಬೆಚ್ಚಗಿದ್ದೆ. ಆ ಬಿಸುಪು ಇನ್ನೂ ನನ್ನ ಎಳೆಗಳಿಂದ ಹೋಗಿಲ್ಲ.

ಈಗ ನಾನು ಮುದುಕ. ಬಣ್ಣ ಹೋಗಿದೆ. ಲಗಮಣ್ಣ ಬಿಟ್ಟುಹೋದ ನನ್ನನ್ನು ಅಂಗ್ಮೋ ಅಟ್ಟದಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿ ಸೊಪ್ಪು ಒಣಗಿಸುತ್ತಾಳೆ. ಬಾಣಗಳೆಲ್ಲ ಒಂದು ಮೊಳೆಯನ್ನು ತೋರಿಸುತ್ತವೆ. ಮೊದಲ ಹಿಮ ಬಿದ್ದ ಬೆಳಿಗ್ಗೆ, ಗಾಳಿಯಿಲ್ಲದಿದ್ದರೂ, ಮೊಳೆಯ ಕಡೆಯ ತುದಿ ಬಿಗಿಯಾಗುತ್ತದೆ, ಯಾರೋ ಮುಂದೆ ಹೆಜ್ಜೆ ಇಟ್ಟಂತೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಈ ಸಲ ನಡಿಗೆ ಬೇರೆ, ಭಾರ ಬೇರೆ; ಅದು ಎರಡನೆಯವನದು. ಹುರಿ ಭಾರವನ್ನು ಮರೆಯುವುದಿಲ್ಲ.

ಆ ಜಗಳದ ದಿನ ಅಂಗ್ಮೋಳ ಮನೆಯಲ್ಲಿ ಅಡಿವೆಪ್ಪ ಒಲೆಯ ಮುಂದೆ ಕೂತು ಬೂಟು ಒಣಗಿಸುತ್ತಿದ್ದ. ಬೆಟ್ಟದ ಅರ್ಧ ಹಿಮ ಇನ್ನೂ ಮೇಲೆ ತೂಗುತ್ತಿದೆ, ಕೆಳಗಿಳಿದು ಬಾಳಪ್ಪನ ಹೆಂಡತಿಗೆ ಫೋನು ಮಾಡೋಣ ಎಂದು ಲಗಮಣ್ಣ ಹೇಳುತ್ತಲೇ ಇದ್ದ. ಅಡಿವೆಪ್ಪ ಎದ್ದ. ಬೂಟು ಬಿಗಿದ. ನನ್ನನ್ನು ಲಗಮಣ್ಣನ ಕೈಗೆ ಕೊಟ್ಟು, ತಿರುಗಿ, ಜಾಕೀಟು ಮೇಲೆತ್ತಿ ಸೊಂಟ ತೋರಿಸಿದ.

“ಕಟ್ಟು.”

ಲಗಮಣ್ಣ ನನ್ನನ್ನು ಮುಷ್ಟಿಗೆ ಸುತ್ತಿಕೊಂಡ. “ಕಟ್ಟಿದ್ರ ಬಿಚ್ಚಾಕ ನಾ ಮ್ಯಾಲ ಬರಬೇಕು. ನಾ ಬರೂದಿಲ್ಲ, ಅಣ್ಣಾ.”

ಆ ಬೆನ್ನು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕಾಯಿತು. ಆಮೇಲೆ ಜಾಕೀಟು ಇಳಿಯಿತು. ಅಡಿವೆಪ್ಪ ಸ್ಕೀಗಳನ್ನು ಹೆಗಲಿಗೇರಿಸಿ ಹೊರಗೆ ನಡೆದ. ಲಗಮಣ್ಣ ನನ್ನನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಮಧ್ಯಾಹ್ನವಾಯಿತು, ಸಂಜೆಯಾಯಿತು; ಅಡಿವೆಪ್ಪ ಇಳಿದು ಬರಲಿಲ್ಲ. ಅಂಗ್ಮೋ ರೂಢಿಯಂತೆ ಮೂವರಿಗೆ ಚಹಾ ತಂದಿಟ್ಟಿದ್ದಳು. ಲಗಮಣ್ಣನೊಬ್ಬನೇ ಕುಡಿದ.