ಒಂದು ತಾಸು ಮುಂದಿದ್ದ ಗಡಿಯಾರ

ಗೋಕಾಕದ ಅಭಿನಂದನನ ಮನೆಯ ಗೋಡೆ ಗಡಿಯಾರ ಒಂದು ತಾಸು ಮುಂದಿತ್ತು. ಕೆಟ್ಟು ಮುಂದೆ ಹೋಗಿದ್ದಲ್ಲ. ಅವನ ತಾಯಿ ತಾರಾಬಾಯಿ ಬೇಕೆಂದೇ ಮುಂದಿಟ್ಟಿದ್ದರು. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಚಳಿಗಾಲದ ಸೂರ್ಯನಿಗೆ ಎಲ್ಲಿಲ್ಲದ ಅವಸರ, ಮಗನಿಗೆ ಮಾತ್ರ ಯಾವ ಕಾಲಕ್ಕೂ ಅವಸರವಿಲ್ಲ. ಹೀಗಾಗಿ ದೀಪಾವಳಿ ಮುಗಿದ ಕೂಡಲೇ ಆಕೆ ಸ್ಟೂಲು ಹತ್ತಿ ಮುಳ್ಳು ತಿರುಗಿಸಿಬಿಡುತ್ತಿದ್ದರು. ಮನೆಯವರಿಗೆಲ್ಲ ಗೊತ್ತಿರುವ ಗುಟ್ಟಿನಿಂದ ಯಾರಿಗೆ ಮೋಸವಾದೀತು? ಗಡಿಯಾರ ನೋಡಿದವರೆಲ್ಲ ಮನಸ್ಸಿನಲ್ಲೇ ಒಂದು ತಾಸು ಕಳೆದುಕೊಂಡು ತಮ್ಮ ಪಾಡಿಗೆ ತಾವಿರುತ್ತಿದ್ದರು. ಇಟ್ಟವರೂ ಕಳೆಯುತ್ತಿದ್ದರು.

ಅಭಿನಂದನನ ಉದ್ಯೋಗ ಹಾಲಿನ ಡೇರಿಗಳಿಗೆ ಮಶಿನ್ ಮಾಡಿಕೊಡುವುದು. ರೈತರು ತಂದ ಹಾಲಿನ ತೂಕ ಎಷ್ಟು, ಅದರಲ್ಲಿ ಕೊಬ್ಬು, ಅಂದರೆ ಫ್ಯಾಟ್, ಎಷ್ಟು ಎಂಬುದನ್ನು ಪರೀಕ್ಷೆಯ ಯಂತ್ರಗಳಿಂದ ಕೇಳಿಕೊಂಡು, ಚೀಟಿ ಮುದ್ರಿಸಿಕೊಡುವ ಪೆಟ್ಟಿಗೆ ಅದು. ಒಳಗೆ ಅಂಗೈಯಗಲದ ಕಂಪ್ಯೂಟರು. ಆ ಕಂಪ್ಯೂಟರಿನಲ್ಲಿ ಯಾವ ಕೆಲಸ ಮೊದಲು, ಯಾವುದು ನಂತರ ಎಂದು ನಿರ್ಧರಿಸುವ ಯಜಮಾನನಿಗೆ ಕರ್ನಲ್ ಎಂದು ಹೆಸರು. ಮಗ ಹಗಲೆಲ್ಲ ಕರ್ನಲ್ ಕರ್ನಲ್ ಎಂದು ಗೊಣಗುವುದನ್ನು ಕೇಳಿ ತಾರಾಬಾಯಿ, ಇವನಿಗೆ ಬೆಳಗಾವಿ ಮಿಲಿಟರಿಯವರ ಪರಿಚಯವಾಗಿದೆ ಎಂದೇ ಬಹಳ ದಿನ ತಿಳಿದಿದ್ದರು.

2003ರ ಮಳೆಗಾಲದಲ್ಲಿ ಕುಲಗೋಡದ ಡೇರಿಗೆ ಮಶಿನ್ ಕೂರಿಸಿದ ದಿನ ಅಭಿನಂದನ ಜನರ ಎದುರಿಗೆ ನಿಂತು, "ಮನಷ್ಯಾ ಸುಳ್ಳ ಹೇಳಬಹುದು, ಮಶಿನ್ ಹೇಳೂದಿಲ್ರಿ" ಎಂದಿದ್ದ. ಜನ ಚಪ್ಪಾಳೆ ತಟ್ಟಿದ್ದರು. ಚಪ್ಪಾಳೆ ಬೀಳುವ ಮಾತು ಆಡುವಾಗ ಸ್ವಲ್ಪ ನಾಲಿಗೆ ಹಿಡಿದುಕೊಳ್ಳಬೇಕು ಎಂಬುದು ಅವನಿಗೆ ತಿಳಿದದ್ದು ಚಳಿಗಾಲದಲ್ಲಿ.

ಒಂದು ಗುರುವಾರ ಕುಲಗೋಡದ ಬಸ್ಸಿನಿಂದ ಇಳಿದು ಒಬ್ಬ ಹೆಣ್ಣುಮಗಳು ಅವನ ಮನೆ ಹುಡುಕಿಕೊಂಡು ಬಂದಳು. ಹೆಸರು ರಾಜೇಶ್ವರಿ, ಕುಲಗೋಡದ ಯಲ್ಲವ್ವನ ಸೊಸೆ. ಒಳಗೆ ಬರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ಹೊಸ್ತಿಲಲ್ಲೇ ನಿಂತು ಮಾತು ಶುರುಮಾಡಿದಳು.

"ಅಣ್ಣಾರ, ನಾ ಹಾಲಿಗಿ ನೀರ ಹಾಕಿಲ್ರಿ. ನಮ್ಮ ಎಮ್ಮಿ ಏಳರ ಮ್ಯಾಲ ಫ್ಯಾಟ್ ಕೊಡತಿತ್ತು. ಈಗ ಹದಿನೈದ ದಿನಾ ಆತು, ನಿಮ್ಮ ಮಶಿನ್ ಒಮ್ಮಿ ನಾಕ ಅಂತೈತಿ, ಒಮ್ಮಿ ಎರಡ ಅಂತೈತಿ."

"ಎಮ್ಮಿ ಮೇವು ಬದಲಾಗಿರಬೇಕು ನೋಡ್ರಿ" ಎಂದ ಅಭಿನಂದನ.

"ಮೇವು ಅದ ಐತ್ರಿ. ಬದಲಾಗಿದ್ದು ನಮ್ಮತ್ತಿ. ನಾ ಹಾದ್ಯಾಗ ಅರ್ಧಾ ಹಾಲು ಯಾರಿಗ್ಯೋ ಕೊಟ್ಟು ನೀರ ತುಂಬಸ್ತೀನಿ ಅಂತಾರ. ನನ್ನ ಕೈಯಾಗಿನ ಚಾ ಸೈತ ಮುಟ್ಟಾಂಗಿಲ್ಲ. ಐತವಾರ ನಮ್ಮಣ್ಣ ಮಾಳಪ್ಪನ್ನ ಬಾ ಅಂದಾರ, ಕರಕೊಂಡ ಹೋಗಾಕ." ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗು ಸರಿಸಿ, "ಮಶಿನ್ ಸುಳ್ಳ ಹೇಳೂದಿಲ್ಲ ಅಂತ ನೀವ ಹೇಳಿದ್ರೆಲ್ಲಾ? ಹಂಗಾರ ಸುಳ್ಳ ಹೇಳಾಕಿ ನಾನಽ ಆದ್ನೆಲ್ರಿ" ಎಂದಳು.

ತಾನು ಮಾಡಿದ ಪೆಟ್ಟಿಗೆಯೊಂದು ಯಾರದೋ ಮನೆಯೊಳಗೆ ಹೋಗಿ ಅತ್ತೆ ಸೊಸೆಯರ ನಡುವೆ ಕೂತಿದೆ ಎಂದು ಅಭಿನಂದನ ಎಣಿಸಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಕುಲಗೋಡಕ್ಕೆ ಹೋಗಿ ಡೇರಿಯ ಮೂಲೆಯಲ್ಲಿ ಸುಮ್ಮನೆ ನಿಂತ. ಪಾಳಿಯಲ್ಲಿ ನಿಲ್ಲುವುದಕ್ಕೆ ಆ ಊರಲ್ಲಿ ಯಾರೂ ಬರೆಯದ ಕಾಯ್ದೆಯಿತ್ತು. ನಿನ್ನೆ ಯಾರ ಹಿಂದೆ ಯಾರೋ ಇವತ್ತೂ ಅವರ ಹಿಂದೆ ಅವರೇ. ರಾಜೇಶ್ವರಿಯ ಮುಂದೆ ನಿಲ್ಲುತ್ತಿದ್ದವನು ಉದ್ದಪ್ಪ. ಹದಿನೈದು ದಿನದ ಹಿಂದೆ ಅವನು ಆಕಳು ಕೊಂಡಿದ್ದ, ಮನೆಯಲ್ಲಿ ಎಮ್ಮೆ ಮೊದಲೇ ಇತ್ತು. ಎರಡು ಬಗೆಯ ಹಾಲು, ಅದಕ್ಕೇ ಎಲ್ಲರಿಗಿಂತ ಉದ್ದದ ಚೀಟಿ. ಅವನ ಚೀಟಿ ಇನ್ನೂ ಕರಕರ ಎಂದು ಬರುತ್ತಿದ್ದಾಗಲೇ ಡೇರಿಯ ಅಪ್ಪಣ್ಣ ರಾಜೇಶ್ವರಿಯ ಹಾಲನ್ನು ಪರೀಕ್ಷೆಗೆ ಇಟ್ಟ. ಪರೀಕ್ಷೆಯ ಯಂತ್ರದ ಮೇಲೆ ಏಳು ಪಾಯಿಂಟ್ ನಾಲ್ಕು ಎಂದು ಮಿನುಗಿ ಮಾಯವಾದದ್ದನ್ನು ಅಭಿನಂದನ ಕಣ್ಣಾರೆ ಕಂಡ. ಚೀಟಿಯಲ್ಲಿ ಬಂದದ್ದು ನಾಲ್ಕು.

ಅವನಿಗೆ ತಕ್ಷಣ ಹೊಳೆಯಿತು. ಮುದ್ರಿಸುವ ಕೆಲಸ ನಡೆಯುವಷ್ಟು ಹೊತ್ತು ಕರ್ನಲ್ ಬೇರೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಫ್ಯಾಟಿನ ಯಂತ್ರ "ಏಳು ಪಾಯಿಂಟ್" ಎಂದು ಹೇಳಿದ್ದು ಅದಕ್ಕೆ ಕೇಳಿಸಿಯೇ ಇಲ್ಲ, ಕಿವಿಗೆ ಬಿದ್ದದ್ದು ಕೊನೆಯ "ನಾಲ್ಕು" ಒಂದೇ. ಚೀಟಿ ಮುದ್ರಿಸುವ ಆ ಭಾಗವನ್ನು ಬರೆದವನು ಬೇರೆ ಯಾರೂ ಅಲ್ಲ, ಅಭಿನಂದನನೇ.

ಅಲ್ಲಿಯೇ ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಮಶಿನ್ ಮಾರಿದವನ ಬಾಯಿಮಾತು ಈಗ ಯಾರಿಗೆ ಬೇಕು? ಅದೇ ಪಾಳಿಯಲ್ಲಿ, ಅದೇ ಉದ್ದಪ್ಪನ ಹಿಂದೆ, ಅದೇ ಮಶಿನ್ ಖರೆ ನುಡಿದರೆ ಮಾತ್ರ ಯಲ್ಲವ್ವ ನಂಬುತ್ತಾಳೆ. ಮಾಳಪ್ಪ ಬರುವ ಭಾನುವಾರಕ್ಕೆ ಮುಂಚೆ ಕೈಯಲ್ಲಿ ಇದ್ದದ್ದು ಆ ಶುಕ್ರವಾರ ಮತ್ತು ಶನಿವಾರ.

ಕರ್ನಲ್ಲಿನ ಬರಹದಲ್ಲಿ ತಿದ್ದಬೇಕಾದದ್ದು ನಾಲ್ಕೈದು ಸಾಲು. ಆದರೆ ತಿದ್ದಿದ್ದನ್ನು ಆ ಪುಟ್ಟ ಕಂಪ್ಯೂಟರಿಗೆ ತಿಳಿಯುವ ಭಾಷೆಗೆ ಇಳಿಸಲು ಬೇರೆಯದೇ ಸಲಕರಣೆ ಬೇಕು. ಮನೆಯ ದೊಡ್ಡ ಕಂಪ್ಯೂಟರಿನಲ್ಲಿ ಕೂತು, ಬೇರೊಂದು ಜಾತಿಯ ಚಿಪ್ಪಿಗೆ ಅಡುಗೆ ಮಾಡಿಕೊಡುವ ಕಂಪೈಲರು ಅದು. ಹಿಂದೆ ಹೂಡಿಟ್ಟಿದ್ದ ಒಲೆ ಹಳೆಯ ಹಾರ್ಡ್‌ಡಿಸ್ಕಿನೊಂದಿಗೆ ಮಳೆಗಾಲದ ಕೊನೆಗೇ ಕೈಕೊಟ್ಟಿತ್ತು. ಈಗ ಎಲ್ಲ ಮೊದಲಿನಿಂದ.

ಹುಕ್ಕೇರಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಗೆಳೆಯ ಮಹೇಶನ ಹತ್ತಿರ ಸಿಡಿಗಳ ರಾಶಿ ಇತ್ತು. ಕುಲಗೋಡದಿಂದ ಗೋಕಾಕ, ಗೋಕಾಕದಿಂದ ಹುಕ್ಕೇರಿ ಬಸ್ಸು. ಮಹೇಶ ಹೆಮ್ಮೆಯಿಂದ ಎಲ್ಲಕ್ಕಿಂತ ಹೊಸ ಕಂಪೈಲರ್ ತೆಗೆದುಕೊಟ್ಟ.

"ಹೊಸಾದು ಬ್ಯಾಡೋ ಮಾರಾಯಾ. ನನ್ನ ಕರ್ನಲ್ ಹಳೇದು. ಹೊಸಾದಕ್ಕ ಅದರ ಮಾತ ತಿಳಿಯಾಂಗಿಲ್ಲ."

"ನಿನ್ನ ನಸೀಬದಾಗ ಹೊಸಾದು ಬರದಿಲ್ಲ ಬಿಡು" ಎಂದು ನಗುತ್ತ ಮಹೇಶ ರಾಶಿಯ ಬುಡದಿಂದ ಗೀರುಬಿದ್ದ ಹಳೆಯ ಸಿಡಿಯೊಂದನ್ನು ಹುಡುಕಿ, ಅಂಗಿಯ ತುದಿಯಿಂದ ಒರೆಸಿ ಕೊಟ್ಟ.

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ, ಕೈಗಡಿಯಾರ ಕಟ್ಟಿಕೊಳ್ಳುವುದನ್ನೂ ಮರೆತು, ಅಭಿನಂದನ ಕಂಪ್ಯೂಟರ್ ಹಚ್ಚಿದ. ಅದರ ಒಳಗಿನ ಸಣ್ಣ ಬ್ಯಾಟರಿ ಸತ್ತು ವರ್ಷವಾಗಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದಕ್ಕೆ ದಿನ, ವೇಳೆ ಯಾವುದೂ ನೆನಪಿರುತ್ತಿರಲಿಲ್ಲ, ಅವನೇ ಹೇಳಿಕೊಡಬೇಕು. ತಲೆ ಎತ್ತಿದ, ಕಂಡ ವೇಳೆ ಒತ್ತಿದ, ಕೆಲಸಕ್ಕೆ ಇಳಿದ. ಕಂಪೈಲರ್ ಮೊದಲು ಜಗ್ಗಲಿಲ್ಲ. ಒಂದು ಫೈಲು ಸಿಗಲಿಲ್ಲವೆಂದು ಮುನಿಸಿಕೊಂಡಿತು, ಅದನ್ನು ಹುಡುಕಿಕೊಟ್ಟರೆ ಇನ್ನೊಂದಕ್ಕೆ ಹಟ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಹೊಂದಿಕೊಂಡಿತು. ಇಡೀ ಕರ್ನಲ್ ಒಂದೊಂದೇ ತುಣುಕಾಗಿ ತಯಾರಾಗುತ್ತ ಪರದೆಯ ಮೇಲೆ ಸಾಲುಗಳು ಹರಿಯತೊಡಗಿದವು. ಸಂಜೆಯ ಚಹಾದ ಹೊತ್ತಿಗೆ ಕೆಲಸ ಮುಗಿಯಿತು. ಏನೂ ತಿದ್ದದ ಆ ಕರ್ನಲ್ಲನ್ನು ಪರೀಕ್ಷೆಗೆಂದು ಮೇಜಿನ ಮೇಲಿಟ್ಟಿದ್ದ ಅಂಥದೇ ಇನ್ನೊಂದು ಮಶಿನ್ನಿಗೆ ಹಾಕಿದ. ಕುಲಗೋಡದ ಮಶಿನ್ ಹೇಳಿದ ಸುಳ್ಳನ್ನೇ ಅದೂ ಚೆನ್ನಾಗಿ ಹೇಳಿತು. ಒಲೆ ಹತ್ತಿತು ಎಂದು ಅಭಿನಂದನ ಕೈ ಉಜ್ಜಿಕೊಂಡ.

ಅಷ್ಟರಲ್ಲಿ ಕರೆಂಟು ಹೋಯಿತು. ಅಂಗಳಕ್ಕೆ ಹೋಗಿ ಮುಖ ತೊಳೆದು, ಕೈಗಡಿಯಾರ ಕಟ್ಟಿಕೊಂಡು ಬರುವುದರೊಳಗೆ ಬಂತು. ಈ ಸಲ ಕಂಪ್ಯೂಟರಿಗೆ ಕೈಗಡಿಯಾರ ನೋಡಿ ವೇಳೆ ಹೇಳಿದ. ನಾಲ್ಕು ಸಾಲು ತಿದ್ದಿದ. ಕರ್ನಲ್ಲನ್ನು ಮತ್ತೆ ಕಟ್ಟು ಎಂದ. ಎರಡೇ ನಿಮಿಷದಲ್ಲಿ ಕಟ್ಟಿತು. ಮಶಿನ್ನಿಗೆ ಹಾಕಿದ. ಉದ್ದ ಚೀಟಿ ಹಚ್ಚಿ, ನಡುವೆ ಏಳು ಪಾಯಿಂಟ್ ನಾಲ್ಕು ಕಳಿಸಿದ. ಬಂದದ್ದು ನಾಲ್ಕು.

ಬೇರೆ ರೀತಿ ತಿದ್ದಿದ. ನಾಲ್ಕು. ಚೀಟಿ ಮುದ್ರಿಸುವ ಭಾಗವನ್ನೇ ಅರ್ಧ ಕಿತ್ತು ಹಾಕಿದ. ಚೀಟಿ ಬರಲೇಬಾರದಿತ್ತು, ಆದರೂ ಠೀವಿಯಿಂದ ಬಂತು. ನಾಲ್ಕು!

ಅಭಿನಂದನ ಕಿತ್ತದ್ದನ್ನು ಮತ್ತೆ ಜೋಡಿಸಿದ. ಅದೇ ಫೈಲಿನಲ್ಲಿ, ಮಶಿನ್ ಶುರುವಾಗುವಾಗ "ಕುಲಗೋಡ" ಎಂದು ಪರದೆಯ ಮೇಲೆ ತೋರಿಸು ಎಂದು ಒಂದು ಸಾಲು ಬರೆದು ಕಟ್ಟಿದ. ಮಶಿನ್ ಶುರುವಾಯಿತು. ಕುಲಗೋಡವಿಲ್ಲ. ಅಂದರೆ ಅವನು ಬರೆದದ್ದು ಒಳಗೆ ಹೋಗುತ್ತಲೇ ಇಲ್ಲ. ಅವನು ತಿದ್ದುತ್ತಿದ್ದಾನೆ, ಕಂಪ್ಯೂಟರ್ ಹೂಂ ಹೂಂ ಎನ್ನುತ್ತಿದೆ, ಕಟ್ಟುತ್ತಿರುವುದು ಮಾತ್ರ ಹಳೆಯದನ್ನೇ. ನಾಳೆ ಬೆಳಿಗ್ಗೆ ಮಾಳಪ್ಪ ಬರುತ್ತಾನೆ, ಹೊಸ್ತಿಲಲ್ಲಿ ನಿಂತಿದ್ದ ಆ ಹೆಣ್ಣುಮಗಳು ಇಲ್ಲದ ಕಳ್ಳತನ ಹೊತ್ತು ತವರಿಗೆ ಹೋಗುತ್ತಾಳೆ. ಅವನಿಗೆ ಅಳುವೇ ಬಂತು.

"ಅಭೀ, ಊಟಕ್ಕ ಬಾರೋ! ಆರೂವರಿ ಆತು!" ಒಳಗಿನಿಂದ ತಾರಾಬಾಯಿ ಕೂಗಿದರು.

"ಎಲ್ಲಿ ಆರೂವರಿ ಅವ್ವಾ? ನಿನ್ನ ಗಡಿಯಾರ ತಾಸ ಮುಂದೈತಿ" ಎಂದು ರೂಢಿಯಂತೆ ರೇಗಿದ.

ರೇಗಿದವನೇ ತಟ್ಟನೆ ತಲೆ ಎತ್ತಿದ. ಗೋಡೆ ನೋಡಿದ. ಕೈ ನೋಡಿಕೊಂಡ. ಬೆಳಿಗ್ಗೆ ಕಂಪ್ಯೂಟರಿಗೆ ವೇಳೆ ಹೇಳಿದ್ದು ಯಾವುದನ್ನು ನೋಡಿ? ಮನೆಯವರೆಲ್ಲರಿಗೂ ಒಂದು ತಾಸು ಕಳೆಯುವುದು ಗೊತ್ತು. ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ.

ತುಣುಕುಗಳನ್ನು ಜೋಡಿಸಿ ಕರ್ನಲ್ ಕಟ್ಟುವ ಸಾಧನ ಪರಮ ಸೋಮಾರಿ. ಯಾವ ಫೈಲನ್ನು ಹೊಸದಾಗಿ ತಿದ್ದಿದ್ದಾರೆ ಎಂದು ವೇಳೆ ನೋಡಿಯೇ ತೀರ್ಮಾನಿಸುತ್ತದೆ. ತುಣುಕು ತಯಾರಾದ ಮೇಲೆ ಫೈಲು ತಿದ್ದಿದ್ದರೆ ಮತ್ತೆ ಮಾಡುತ್ತದೆ, ಮೊದಲೇ ತಿದ್ದಿದ್ದರೆ ಮುಟ್ಟುವುದಿಲ್ಲ. ಮಧ್ಯಾಹ್ನದಿಂದ ತಯಾರಾದ ತುಣುಕುಗಳ ಮೇಲೆಲ್ಲ ತಾರಾಬಾಯಿಯ ವೇಳೆ ಬಿದ್ದಿತ್ತು, ಕೊನೆಗೆ ಚಹಾದ ಹೊತ್ತಿಗೆ ತಯಾರಾದ ಚೀಟಿಯ ತುಣುಕಿನ ಮೇಲೂ. ಸಂಜೆ ತಿದ್ದಿದ ಫೈಲಿನ ಮೇಲೆ ಕೈಗಡಿಯಾರದ ವೇಳೆ. ತಾಯಿಯ ಒಂದು ತಾಸಿನೊಳಗೆ ಮಗ ತಿದ್ದಿದ್ದೆಲ್ಲ ಕಂಪ್ಯೂಟರಿನ ಲೆಕ್ಕದಲ್ಲಿ ಹಳೆಯ ಸರಕು. ವೇಳೆಯಲ್ಲಿ ಏನೋ ಏರುಪೇರು ಇದೆ ಎಂದು ಅದು ಒಂದು ಸಾಲಿನಲ್ಲಿ ಎಚ್ಚರಿಸಿಯೂ ಇತ್ತು. ಅದರ ನೂರು ಗೊಣಗಾಟದ ನಡುವೆ ಇವನು ಓದಿರಲಿಲ್ಲ.

ತಯಾರಾಗಿದ್ದ ತುಣುಕುಗಳನ್ನೆಲ್ಲ ಅಳಿಸಿ, ಮೊದಲಿನಿಂದ ಕಟ್ಟು ಎಂದು ಹೇಳಿ ಊಟಕ್ಕೆ ಎದ್ದ. ಹೊರಗೆ ಇನ್ನೂ ಬಿಸಿಲಿತ್ತು. ಜೋಳದ ರೊಟ್ಟಿ ಮುರಿಯುತ್ತ ತಾಯಿಗೆ ಎಲ್ಲ ಹೇಳಿದ.

ತಾರಾಬಾಯಿ ಗಾಬರಿಯಾದರು. "ಅಂದ್ರ ನನ್ನ ಗಡಿಯಾರದ ಸಲುವಾಗಿ ಆ ಹುಡುಗಿ ಸಂಸಾರ ಮುರೀತಿತ್ತೇನೋ?"

"ಇಲ್ಲವ್ವಾ, ತಪ್ಪು ನನ್ನದು. ನೀ ಕೂಗಲಿಲ್ಲಂದ್ರ ನನಗ ಹೊಳೀತಿದ್ದಿಲ್ಲ."

"ಹಂಗಾರ ಇನ್ನೊಂದ ರೊಟ್ಟಿ ತಿನ್ನು" ಎಂದು ತಾಯಿ ತಟ್ಟೆಗೆ ಹಾಕಿಯೇಬಿಟ್ಟರು.

ಕರೆಂಟು ಪುಣ್ಯಕ್ಕೆ ಕೈಕೊಡಲಿಲ್ಲ. ಕಟ್ಟಿ ಮುಗಿದ ಮೇಲೆ ಮಶಿನ್ ಹಚ್ಚಿದರೆ ಪರದೆಯ ಮೇಲೆ ಮೊದಲು ಬಂದದ್ದು "ಕುಲಗೋಡ". ಆ ಊರ ಹೆಸರು ಇಷ್ಟು ಚೆಂದ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಉದ್ದ ಚೀಟಿಯ ನಡುವೆ ಕಳಿಸಿದ ಏಳು ಪಾಯಿಂಟ್ ನಾಲ್ಕು, ಏಳು ಪಾಯಿಂಟ್ ನಾಲ್ಕಾಗಿಯೇ ಹೊರಗೆ ಬಂತು.

ಐತವಾರ ಬೆಳಿಗ್ಗೆ ಕುಲಗೋಡದ ಡೇರಿಯ ಮುಂದೆ ಮಾಳಪ್ಪನ ಮೋಟರ್‌ಸೈಕಲ್ ನಿಂತಿತ್ತು. ಅದರ ಹಿಡಿಕೆಗೆ ರಾಜೇಶ್ವರಿಯ ಬಟ್ಟೆಯ ಚೀಲ. ಊರವರೆದುರೇ ತೀರ್ಮಾನವಾಗಲಿ ಎಂದು ಯಲ್ಲವ್ವನೂ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಅಭಿನಂದನ ಮಶಿನ್ನಿನ ಹಳೆಯ ಕಾರ್ಡು ತೆಗೆದು, ತಿದ್ದಿದ ಕರ್ನಲ್ ತುಂಬಿದ ಕಾರ್ಡು ಹಾಕಿದ.

"ಯಾರೂ ಪಾಳಿ ಬಿಡಬ್ಯಾಡ್ರಿ. ಉದ್ದಪ್ಪಾರ, ನೀವ ಮೊದಲ ಬರ್ರಿ. ಅವರ ಹಿಂದ ಈ ತಂಗಿ" ಎಂದ.

ಉದ್ದಪ್ಪನ ಚೀಟಿ ಕರಕರ ಎಂದು ಬರತೊಡಗಿತು. ಅದು ಮುಗಿಯುವ ಮೊದಲೇ ಅಪ್ಪಣ್ಣ ರಾಜೇಶ್ವರಿಯ ಹಾಲು ಇಟ್ಟ. ಆಕೆಯ ಚೀಟಿ ಹರಿದುಕೊಂಡು ಅಪ್ಪಣ್ಣ ದೊಡ್ಡ ದನಿಯಲ್ಲಿ ಓದಿದ: "ಏಳು ಪಾಯಿಂಟ್ ಮೂರು."

ಅಭಿನಂದನ ಕಟ್ಟೆಯ ಕಡೆಗೆ ತಿರುಗಿದ. "ಯಲ್ಲವ್ವಾರ, ಇಷ್ಟ ದಿನಾ ಮಶಿನ್ ಸುಳ್ಳ ಹೇಳಿತ್ರಿ. ಮಾಡಿದಾಂವ ನಾನು. ನಿಮ್ಮ ಸೊಸಿ ಖರೆ ಹೇಳಿದ್ಲು."

ಯಲ್ಲವ್ವ ಮೊಣಕಾಲು ಹಿಡಿದು ಎದ್ದಳು, ಮೋಟರ್‌ಸೈಕಲ್ಲಿಗೆ ತೂಗುಹಾಕಿದ್ದ ಚೀಲವನ್ನು ತಾನೇ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. "ಮಾಳಪ್ಪಾ, ಚಾ ಕುಡದ ಹೋಗಂತಿ ಬಾ. ಸಾಹೇಬ್ರ, ನೀವೂ ಬರ್ರಿ" ಎಂದು ಮುಂದೆ ನಡೆದೇಬಿಟ್ಟಳು.

ರಾಜೇಶ್ವರಿ ಚಹಾ ಮಾಡಿದಳು. ಕಪ್ಪುಬಸಿಗಳನ್ನು ಜೋಡಿಸಿದಳು. ಎಲ್ಲರಿಗೂ ಕೊಟ್ಟು ಕೊನೆಗೆ ಅತ್ತೆಯ ಮುಂದೆ ಇಟ್ಟಳು. ಯಲ್ಲವ್ವ ಬಸಿಗೆ ಸುರುವಿಕೊಂಡು ಒಂದು ಗುಟುಕು ಕುಡಿದಳು. ಸೊಸೆ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು.

"ಸಕ್ರಿ ಭಾಳ ಹಾಕೀದಿ" ಎಂದು ಯಲ್ಲವ್ವ ಮುಖ ಕಿವುಚಿದಳು. "ಎಷ್ಟ ಸಲ ಹೇಳಬೇಕ ನಿನಗ?"

ರಾಜೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. ಯಲ್ಲವ್ವ ಬಸಿ ಖಾಲಿ ಮಾಡಿ, ಇನ್ನಷ್ಟು ಹಾಕು ಎಂದು ಮುಂದೆ ಹಿಡಿದಳು.