ಮುದ್ದೆಯೊಳಗಿನ ಮಾತ್ರೆ

ನುರಿಯುತ್ತಿದೆ, ಲೋಟದ ತಳದಡಿ ಮಾತ್ರೆ ನುರಿಯುತ್ತಿದೆ, ಹಲ್ಲಿಗೆ ಮರಳು ಸಿಕ್ಕಿದ ಹಾಗೆ, ಆರು ವರ್ಷದಿಂದ ದಿನಾ ಮಧ್ಯಾಹ್ನ ಇದೇ ಸದ್ದು, ಅವ್ವ ಬಾಗಿಲಿಗೆ ಬೆನ್ನು ಅಡ್ಡ ಮಾಡಿಕೊಂಡು ಪುಡಿಯನ್ನು ಮುತ್ತುರಾಜನ ಮುದ್ದೆಯ ನಡುವೆ ಒತ್ತುತ್ತಾಳೆ, ಒದ್ದೆ ಬೆರಳಲ್ಲಿ ಸವರಿ ಮುಚ್ಚುತ್ತಾಳೆ, ಹೊರಗೆ ಅವನು ಕಾಲು ತೊಳೆಯುತ್ತಿದ್ದಾನೆ, ನನ್ನ ತಮ್ಮ, ರಾಯಚರ್ಲಿನ ಸೋಲಾರ್ ಪಾರ್ಕಿನಲ್ಲಿ ಫಲಕ ಒರೆಸಿ ಬಂದವನು, ಒಂದು ಕಾಲಕ್ಕೆ ಪಾವಗಡದ ಕಾಲೇಜಿನಲ್ಲಿ ಗಣಿತಕ್ಕೆ ಮೊದಲಿಗ — ನನ್ನ ಮಡಿಲಲ್ಲಿ ಹೊಸ ಔಷಧದ ಪ್ರಯೋಗಕ್ಕೆ ಸೇರುವ ಫಾರಂ, ಹನ್ನೊಂದು ಪುಟ, ಕೊನೆಯಲ್ಲಿ ಸಹಿಗೆ ಒಂದು ಗೆರೆ, ನನ್ನದಲ್ಲ, ಅವ್ವನದಲ್ಲ, ಅವನದೇ ಸಹಿ ಬೇಕು, ನಾಳೆ ಬೆಳಿಗ್ಗೆಯೊಳಗೆ. ಡಾಕ್ಟರ್ ಲೋಹಿತಾ ಹೇಳಿದ್ದರು, ನೋಡಿ ಯಶೋಧರಾ ಮೇಡಂ, ಈಗಿನ ಮಾತ್ರೆ ಮಿದುಳಲ್ಲಿ ಡೋಪಮೈನ್ ಕೆಲಸ ತಗ್ಗಿಸುತ್ತೆ, ಕಿವಿಯಲ್ಲಿ ಕೇಳೋ ದನಿ ಅಡಗುತ್ತೆ, ಮಂಕು ಮಾತ್ರ ಹೋಗಲ್ಲ, ಈ ಹೊಸದು ಬೇರೆ ದಾರಿ, ಮಿದುಳಿನ ಕೋಶಗಳು ಗ್ಲುಟಮೇಟ್ ಅನ್ನೋ ರಾಸಾಯನಿಕದಲ್ಲಿ ಮಾತಾಡ್ಕೊಳ್ತವೆ, ಅದನ್ನ ಹಿಡಿಯೋ ಗ್ರಾಹಕಗಳು ಸೋತಿರಬಹುದು ಅನ್ನೋದು ಒಂದು ಊಹೆ, ಅವನ್ನ ಚುರುಕು ಮಾಡೋ ಪ್ರಯತ್ನ ಇದು, ಇಂಥ ಔಷಧಗಳು ಹಿಂದೆಯೂ ಪ್ರಯೋಗದಲ್ಲಿ ಬಿದ್ದುಹೋಗಿವೆ, ಇದೂ ಬೀಳಬಹುದು, ನಿಮ್ಮ ತಮ್ಮನಿಗೆ ಹೋಲಿಸಿ ನೋಡೋಕೆ ಕೊಡೋ, ಔಷಧವೇ ಇಲ್ಲದ ಗುಳಿಗೆ ಸಿಗಬಹುದು, ಈಗಿನ ಮಾತ್ರೆ ಜೊತೆಗೇ ತಗೋಬೇಕು, ಅವರು ತಿಳಿದು ಒಪ್ಪಬೇಕು, ಈಗಿನದನ್ನ ಅವರೇ ತಗೋತಾರಲ್ವಾ — ತಗೋತಾರೆ ಅಂದೆ, ಕಣ್ಣು ಮಿಟುಕಿಸದೆ ಅಂದೆ.

ತಿಳಿದು. ಸಿದ್ದರಬೆಟ್ಟ ಹತ್ತಿಳಿದಿದ್ದಕ್ಕೇ ವಾಸಿಯಾಯಿತು ಎಂದು ನಂಬಿರುವವನು ಏನನ್ನು ತಿಳಿದು ಒಪ್ಪುತ್ತಾನೆ, ಪಾವಗಡದ ತಾಲ್ಲೂಕು ಕಚೇರಿ ಮುಂದೆ ಮೈಕು ಹಿಡಿದು ನಮ್ಮನ್ನು ಕೇಳದೆ ನಮ್ಮ ಬದುಕು ತೀರ್ಮಾನಿಸಬೇಡಿ ಎಂದು ಕೂಗಿದ್ದು ನನ್ನ ಇದೇ ಬಾಯಿ, ಸೋಲಾರಿಗೆ ಜಮೀನು ಬರೆಸಿಕೊಳ್ಳಲು ಅಪ್ಪನ ಹೆಬ್ಬೆಟ್ಟು ಹಿಡಿದು ಒತ್ತಿಸಿಕೊಂಡವರನ್ನು ಊರೂರಲ್ಲಿ ಬೈದ ಬಾಯಿ, ಅವರು ಹೆಬ್ಬೆಟ್ಟನ್ನಾದರೂ ಕೇಳಿದ್ದರು, ನಾವು ಇವನದನ್ನು ಅದೂ ಕೇಳಲಿಲ್ಲ — ಎರಡನೇ ತಿಂಗಳಿಗೇ ಅವನು ತಟ್ಟೆ ತಳ್ಳಿದ್ದ, ಮುದ್ದೆಯಾಗೆ ಏನೋ ಹಾಕ್ತಿದ್ದೀರ, ಕಹಿ ಐತೆ, ಅವ್ವ ಅವನ ನೆತ್ತಿ ಮೇಲೆ ಅಂಗೈ ಇಟ್ಟು ಆಣೆ ಮಾಡಿದಳು, ಏನೂ ಇಲ್ಲ ಕಣ್ಲಾ, ನಿನ್ನಾಣೆ, ನಾನು ಆಗಿದ್ದ ಡಾಕ್ಟರಿಗೆ ಹೇಳಿದೆ, ಸಾರ್, ಅನುಮಾನ ಜಾಸ್ತಿಯಾಗಿದೆ, ಒಂದು ಮಾತ್ರೆ ಎರಡಾಯಿತು, ಅವನು ನಿಜ ಹೇಳಿದ್ದಕ್ಕೆ ಎರಡಾಯಿತು. ಯೋಳ್ಬ್ಯಾಡ ಕಣಮ್ಮ, ಅವ್ವ ಪಿಸುಗುಡುತ್ತಾಳೆ, ನೀನೇ ಗೀಚ್ಬುಡು, ಅವ್ನ ಸಹಿ ನಿಂಗೆ ಬರಲ್ವಾ, ಯೋಳುದ್ರೆ ನಾಳಿಂದ ನನ್ ಕೈಲಿ ನೀರೂ ಕುಡಿಯಕ್ಕಿಲ್ಲ, ಕಾಯ್ಲೆ ತಿರ್ಗಾ ಬಂದ್ಬುಟ್ರೆ ಬೀದೀಲಿ ಹಿಡ್ಕೊಂಡು ಬರೋರ್ಯಾರು, ನಿನ್ ಗ್ಲುಟಮೇಟಾ — ಅವಳದೂ ನಿಜ, ಎರಡು ನಿಜ ಒಂದೇ ಒಲೆಯ ಮುಂದೆ ಕೂತಿವೆ, ಅವನು ಬಂದು ಕೂರುತ್ತಾನೆ, ಏನಕ್ಕ ಪೇಪರು, ನಂಗೂ ಪರೀಕ್ಷೆ ಇಕ್ತೀಯಾ, ನಗುತ್ತಾನೆ, ಮುದ್ದೆ ಮುರಿಯುತ್ತಾನೆ, ಮುತ್ತು, ಆರು ವರ್ಷದಿಂದ ನಿನ್ನ ಮುದ್ದೆಯೊಳಗೆ ಮಾತ್ರೆ ಇಟ್ಟಿದ್ದೀವಿ, ಕಾಯಿಲೆದು, ನಿನಗೆ ಹೇಳದೆ, ನನ್ನ ದನಿಯೇ, ಹೊರಗೆ ಬಿದ್ದೇ ಬಿಟ್ಟಿತು, ಅವನು ಕೂಗಲಿಲ್ಲ, ಮುರಿದ ತುತ್ತನ್ನು ಸಾರಿಗೆ ಅದ್ದಿದ, ಅಂಗಾರೆ ಅವತ್ತು ನಾನಂದಿದ್ದು ಹುಚ್ಚಲ್ಲ, ಅವ್ವ ಅಂದಳು, ಉಣ್ಣು ನಾಯನಾ, ಸಾರು ಆರ್ತದೆ, ಅವನು ಅವಳತ್ತ ನೋಡದೆ, ನನ್ನನ್ನೇ ನೋಡುತ್ತ, ಇದ್ರಾಗೂ ಐತಾ ಅಕ್ಕ, ಐತೆ ಅಂದೆ — ಕೈ, ತುತ್ತು ಹಿಡಿದ ಕೈ, ತಟ್ಟೆಗೂ ಬಾಯಿಗೂ ನಡುವೆ, ಸಾರು ಮಣಿಕಟ್ಟು ದಾಟಿ ಮೊಣಕೈಗೆ ಇಳಿಯುತ್ತಿದೆ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಕೈ, ತಟ್ಟೆಗೂ ಬಾಯಿಗೂ ನಡುವೆ, ಆ ಕೈ